ಪಾರ್ಟಿ ಇದ್ದ ರಾತ್ರಿ ತೋರಿಸಿದ ಸಿನಿಮಾ

ಸಿನಿಮಾ ಚರಿತ್ರೆ ಸರಣಿ, ಭಾಗ 6

ಹೋದ ವಾರ ಶಾರ್ಟ್ ಫಿಲ್ಮ್ ಸ್ಪರ್ಧೆಯ ರಿಸಲ್ಟ್ ಬಂದಾಗ ನಮ್ಮ ಗ್ರೂಪಲ್ಲಿ ಒಬ್ಬ ಕೇಳಿದ: "ಜಡ್ಜ್‌ಗಳು ಪೂರ್ತಿ ನೋಡಿದ್ರಾ, ಇಲ್ಲ ಹಾಗೇ ಮಾರ್ಕ್ಸ್ ಹಾಕಿದ್ರಾ?" ಎಲ್ಲರೂ ನಗೋ ಇಮೋಜಿ ಹಾಕಿ ಸುಮ್ಮನಾದ್ವಿ. ಆದ್ರೆ ಇದೇ ಪ್ರಶ್ನೆ 1956ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಎದ್ದಿತ್ತು, ಗೊತ್ತಾ? ಸಿನಿಮಾ 'ಪಥೇರ್ ಪಾಂಚಾಲಿ'. ಸತ್ಯಜಿತ್ ರಾಯ್ ಅವರ ಮೊಟ್ಟಮೊದಲ ಚಿತ್ರ.

ಆಗ ರಾಯ್ ಕಲ್ಕತ್ತೆಯ ಒಂದು ಜಾಹೀರಾತು ಕಂಪನಿಯಲ್ಲಿ ಚಿತ್ರ ಬಿಡಿಸೋ ಕೆಲಸದಲ್ಲಿದ್ದರು. ಕ್ಯಾಮೆರಾ ಹಿಡಿದ ಸುಬ್ರತ ಮಿತ್ರಗೆ 21 ವರ್ಷ, ಅದಕ್ಕೂ ಮೊದಲು ಮೂವಿ ಕ್ಯಾಮೆರಾ ನಡೆಸಿದವರೇ ಅಲ್ಲ. 1952ರ ಅಕ್ಟೋಬರ್ 27ರಂದು ಶೂಟಿಂಗ್ ಶುರು. ಅಪು, ದುರ್ಗಾ ರೈಲು ನೋಡೋಕೆ ಓಡ್ತಾರಲ್ಲ, ಎತ್ತರದ ಬಿಳಿ ಹೂವಿನ ಹುಲ್ಲಿನ ನಡುವೆ, ಆ ದೃಶ್ಯ. ಉಳಿದರ್ಧ ಮುಂದಿನ ಭಾನುವಾರ ತೆಗೆಯೋಣ ಅಂತ ಹೋಗಿ ನೋಡಿದರೆ ಹೂವೇ ಇಲ್ಲ. ದನಗಳು ಪೂರ್ತಿ ಮೇಯ್ದುಬಿಟ್ಟಿದ್ದವು! ಮತ್ತೆ ಹೂ ಬಿಡೋವರೆಗೆ ಒಂದು ವರ್ಷ ಕಾಯಬೇಕಾಯ್ತು.

ದುಡ್ಡಿನ ಕಥೆ ಇನ್ನೂ ಕಷ್ಟದ್ದು. ಗ್ರಾಮಫೋನ್ ರೆಕಾರ್ಡುಗಳು ಮಾರಾಟವಾದವು, ಹೆಂಡತಿ ಬಿಜೊಯಾ ಅವರ ಒಡವೆ ಗಿರವಿಗೆ ಹೋಯಿತು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ನೆರವಿಗೆ ಬಂತು. 'ಪಥೇರ್' ಅಂದರೆ 'ದಾರಿಯ' ಅಂತ ತಾನೇ? ಲೆಕ್ಕದಲ್ಲಿ ಅದನ್ನು ರಸ್ತೆ ಅಭಿವೃದ್ಧಿಯ ಹಣ ಅಂತಲೇ ತೋರಿಸಿದರಂತೆ. ಒಟ್ಟು ಖರ್ಚು ಒಂದೂವರೆ ಲಕ್ಷ ರೂಪಾಯಿ ಆಸುಪಾಸು.

ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನವರು 1955ರ ಮೇ ತಿಂಗಳಿಗೆ ಸಿನಿಮಾ ಬೇಕು ಅಂದಿದ್ದರು. ಆ ತಾರೀಕು ಮುಟ್ಟೋಕೆ ರಾಯ್ ಮತ್ತು ಎಡಿಟರ್ ದುಲಾಲ್ ದತ್ತ ಕೊನೆಯ ಹತ್ತು ದಿನ ಹಗಲು ರಾತ್ರಿ ನಿದ್ದೆಗೆಟ್ಟು ಕೂತು ಕತ್ತರಿಸಿದರು. ರವಿಶಂಕರ್ ಅವರ ಸಂಗೀತದ ರೆಕಾರ್ಡಿಂಗ್ ಕೂಡ ಒಂದೇ ಪಟ್ಟಿನಲ್ಲಿ, ಸುಮಾರು 11 ಗಂಟೆಯಲ್ಲಿ ಮುಗಿದಿತ್ತು.

ಅದೇ ಆಗಸ್ಟ್ 26ಕ್ಕೆ ಕಲ್ಕತ್ತೆಯಲ್ಲಿ ಬಿಡುಗಡೆ. ಮೊದಲೆರಡು ವಾರ ಜನ ಅಷ್ಟಕ್ಕಷ್ಟೆ. ನೋಡಿದವರು ಬಾಯಿಂದ ಬಾಯಿಗೆ ಹೇಳಿ ಆಮೇಲೆ ಹೌಸ್‌ಫುಲ್. ಆ ವರ್ಷದ ರಾಷ್ಟ್ರಪತಿ ಚಿನ್ನದ ಪದಕವೂ ಇದಕ್ಕೇ ಸಿಕ್ಕಿತು. ಆದರೆ ವಿದೇಶಕ್ಕೆ ಕಳಿಸುವ ಮಾತು ಬಂದಾಗ ಕೆಲವು ಅಧಿಕಾರಿಗಳಿಗೆ ಮುಜುಗರ: ನಮ್ಮ ಬಡತನವನ್ನ ಹೊರಗಿನವರಿಗೆ ತೋರಿಸೋದಾ? ನೆಹರೂ ಬೆಂಬಲಕ್ಕೆ ನಿಂತ ಮೇಲೆ ದಾರಿ ಸುಗಮವಾಯ್ತು.

ಈಗ ಕಾನ್‌ಗೆ ಬನ್ನಿ. ಸಿನಿಮಾಕ್ಕೆ ಸಿಕ್ಕಿದ್ದು ತಡರಾತ್ರಿಯ ಹೊತ್ತು. ಅದೇ ರಾತ್ರಿ ಜಪಾನ್ ತಂಡದವರ ಪಾರ್ಟಿ ಬೇರೆ. ವಿಮರ್ಶಕರಲ್ಲಿ, ತೀರ್ಪುಗಾರರಲ್ಲಿ ಹಲವರು ಬರಲೇ ಇಲ್ಲ. ಯೋಚನೆ ಮಾಡಿ, ಮೂರು ವರ್ಷದ ಕಷ್ಟ ಖಾಲಿ ಕುರ್ಚಿಗಳ ಮುಂದೆ ಓಡ್ತಾ ಇದೆ. ಬಂದಿದ್ದ ಕೆಲವೇ ಜನರಲ್ಲಿ ಇಂಗ್ಲೆಂಡಿನ ಲಿಂಡ್ಸೆ ಆ್ಯಂಡರ್ಸನ್, ಫ್ರಾನ್ಸಿನ ಆಂದ್ರೆ ಬಾಜಾನ್ ಇದ್ದರು. ನೋಡಿದವರು ಸುಮ್ಮನೆ ಹೊಗಳಿ ಮನೆಗೆ ಹೋಗಲಿಲ್ಲ, ಇನ್ನೊಂದು ಸಲ ತೋರಿಸಲೇಬೇಕು ಅಂತ ಹಟ ಹಿಡಿದರು. ಮರುಪ್ರದರ್ಶನ ಆಯ್ತು. 'ಅತ್ಯುತ್ತಮ ಮಾನವೀಯ ದಾಖಲೆ' ಅನ್ನೋ ಪ್ರಶಸ್ತಿಯೂ ಬಂತು. ಬಹುಮಾನದ ಹೆಸರೇ ನನಗೆ ಸ್ವಲ್ಪ ಇರುಸುಮುರುಸು. ಕಟ್ಟಿದ ಕಥೆಯನ್ನ 'ದಾಖಲೆ' ಅನ್ನೋದು ಏನು? ಅತಿ ದೊಡ್ಡ ಬಹುಮಾನ ಹೋಗಿದ್ದು ಕೂಸ್ಟೋ ಮತ್ತು ಲೂಯಿ ಮಾಲ್ ಅವರ ಸಮುದ್ರದಾಳದ ಸಾಕ್ಷ್ಯಚಿತ್ರಕ್ಕೆ.

ಎಲ್ಲರೂ ಮೆಚ್ಚಿದರು ಅಂದುಕೊಳ್ಳಬೇಡಿ. ಫ್ರಾನ್ಸುವಾ ತ್ರೂಫೋ ಅಂತ 24ರ ಹುಡುಗ, ಖಾರದ ವಿಮರ್ಶೆಗೆ ಹೆಸರುವಾಸಿ. ರೈತರು ಕೈಯಲ್ಲಿ ಊಟ ಮಾಡೋ ಸಿನಿಮಾ ತನಗೆ ಬೇಡ ಅಂದನಂತೆ. ಮೂರೇ ವರ್ಷಕ್ಕೆ ಅವನೇ ತನ್ನ ಮೊದಲ ಚಿತ್ರ ಹಿಡಿದುಕೊಂಡು ಅದೇ ಕಾನ್‌ಗೆ ಬಂದು ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಗೆದ್ದ. ಅದು ಮುಂದಿನ ಭಾಗಕ್ಕೆ.

1958ರಲ್ಲಿ ಸಿನಿಮಾ ನ್ಯೂಯಾರ್ಕಿನ ಥಿಯೇಟರಿಗೆ ಬಂದಾಗ ಅಲ್ಲಿನ 'ಟೈಮ್ಸ್' ವಿಮರ್ಶಕ ಬೋಸ್ಲಿ ಕ್ರೌದರ್ ಬರೆದದ್ದು: ಇಷ್ಟು ಅಸ್ತವ್ಯಸ್ತವಾದ ಚಿತ್ರ ಹಾಲಿವುಡ್ ಎಡಿಟರ್‌ಗಳ ಹತ್ತಿರ ಕಚ್ಚಾ ಪ್ರತಿ ಅನ್ನಿಸಿಕೊಳ್ಳೋದೂ ಕಷ್ಟ. ಆದರೆ ಅದೇ ವಿಮರ್ಶೆಯಲ್ಲಿ, ನೋಡ್ತಾ ನೋಡ್ತಾ ಮನಸ್ಸು ಕಲಕುತ್ತೆ ಅನ್ನೋದನ್ನೂ ಒಪ್ಪಿಕೊಂಡಿದ್ದ. ಅವನನ್ನ ಬೈಯೋದು ಈಗ ಸುಲಭ. ಆ ಹತ್ತು ನಿದ್ದೆಗೆಟ್ಟ ರಾತ್ರಿಗಳನ್ನ ನೆನಪಿಸಿಕೊಳ್ಳಿ. ಎಡಿಟಿಂಗ್ ಅವಸರದ್ದೇ ಆಗಿತ್ತು, ಅವನ ಕಣ್ಣಿಗೆ ಬಿದ್ದದ್ದು ಸುಳ್ಳಲ್ಲ. ಅದು ಸಿನಿಮಾವನ್ನ ಕೆಡಿಸಿತು ಅಂದುಕೊಂಡದ್ದು ಮಾತ್ರ ನನ್ನ ಪ್ರಕಾರ ತಪ್ಪು. ಆ ಥಿಯೇಟರಲ್ಲಿ ಅದು ಎಂಟು ತಿಂಗಳು ಓಡಿತು.

ಇಂದಿರ್ ಠಾಕ್ರೂನ್ ಅಜ್ಜಿಯ ದೃಶ್ಯಗಳು ನಿಧಾನ ಅಂತ ನಿಮಗೂ ಅನಿಸಿದ್ರೆ ಧಾರಾಳವಾಗಿ ಹೇಳಿ. ಪೂರ್ತಿ ನೋಡಿ ಹೇಳಿ ಅಷ್ಟೆ.