ಯಲಹಂಕನಾಡಿನ ಗ್ರಾಮನಾಟಕಗಳೂ ಪಾಠಪರಿಷ್ಕಾರವೂ

ಕವಿಯು ಬರೆದುದೇ ಶುದ್ಧಪಾಠ, ಪ್ರಯೋಗಕಾಲದಲ್ಲಿ ಸೇರಿದುದೆಲ್ಲವೂ ಅಪಪಾಠ ಎಂಬುದು ಗ್ರಂಥಸಂಪಾದಕರಲ್ಲಿ ರೂಢಮೂಲವಾದ ಅಭಿಪ್ರಾಯ. ಶ್ರವ್ಯಕಾವ್ಯಗಳ ವಿಷಯದಲ್ಲಿ ಇದು ಬಹುಮಟ್ಟಿಗೆ ಸಾಧುವೇ ಆದರೂ ರಂಗದಲ್ಲಿ ಬಾಳಿದ ಕೃತಿಗಳಿಗೆ ಸಂಪೂರ್ಣವಾಗಿ ಅನ್ವಯಿಸಲಾರದು. ಬೆಂಗಳೂರಿನ ಉತ್ತರಭಾಗದಲ್ಲಿರುವ ಯಲಹಂಕನಾಡಿನ ಗ್ರಾಮನಾಟಕಗಳು ಇದಕ್ಕೆ ನಿದರ್ಶನವಾಗಿವೆ.

ಈ ನಾಡಿಗೂ ರಂಗಕ್ಕೂ ಇರುವ ನಂಟು ಹಳೆಯದು. ಯಲಹಂಕದ ನಾಡಪ್ರಭುವಾದ ಕೆಂಪೇಗೌಡನ ಹೆಸರಿನೊಡನೆ ‘ಗಂಗಾಗೌರೀವಿಲಾಸ’ವೆಂಬ ತೆಲುಗು ಯಕ್ಷಗಾನವು ಸೇರಿಕೊಂಡು ಬಂದಿದೆ. ಬಯಲುಸೀಮೆಯ ಮೂಡಲಪಾಯದಲ್ಲಿ ಭಾಗವತನೇ ಗಾಯಕ, ಅವನೇ ಶಿಕ್ಷಕ. ಪ್ರಸಂಗದ ಪದಗಳು ಬರೆಹದಲ್ಲಿದ್ದರೂ ಮಾತನ್ನು ಅವನು ವೇಷಧಾರಿಯ ಶಕ್ತಿಯನ್ನರಿತು ಹಿಗ್ಗಿಸಿಯೋ ಕುಗ್ಗಿಸಿಯೋ ಕಲಿಸುತ್ತಿದ್ದನು.

ಮುಂದೆ ವೃತ್ತಿಮಂಡಳಿಗಳ ಪ್ರಭಾವದಿಂದ ಹಾರ್ಮೋನಿಯಮ್ಮೂ ಪರದೆಯೂ ಹಳ್ಳಿಗಳನ್ನು ಹೊಕ್ಕವು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪೆನಿಗಾಗಿ ಬಿ. ಪುಟ್ಟಸ್ವಾಮಯ್ಯನವರು ರಚಿಸಿದ ‘ಕುರುಕ್ಷೇತ್ರ’ವು 1934ರಲ್ಲಿ ರಂಗವನ್ನೇರಿತು. ಆ ಹೆಸರಿನ ನಾಟಕವು ಹಳೆಯ ಮೈಸೂರು ಸೀಮೆಯ ಹಳ್ಳಿಹಳ್ಳಿಗಳಲ್ಲಿಯೂ ನೆಲೆಗೊಂಡಿತು. ಭಾಗವತನ ಸ್ಥಾನದಲ್ಲಿ ನಾಟಕದ ಮೇಷ್ಟ್ರು ನಿಂತರು.

ಮೇಷ್ಟ್ರ ಕೆಲಸವು ಕಲಿಸುವುದರಲ್ಲಿಯೇ ಮುಗಿಯುವುದಲ್ಲ. ಪಾತ್ರಧಾರಿಗಳು ಒಕ್ಕಲುಮಕ್ಕಳು, ಹಗಲು ಹೊಲದಲ್ಲಿ ದುಡಿದು ರಾತ್ರಿ ತಿಂಗಳುಗಟ್ಟಲೆ ಅಭ್ಯಾಸಕ್ಕೆ ಕೂಡುವರು. ಸೀನರಿ, ವೇಷಭೂಷಣಗಳ ವೆಚ್ಚಕ್ಕೆ ತಾವೇ ಹಣ ಕೂಡಿಸುವರು. ಹೀಗೆ ಹಣವಿತ್ತವನಿಗೆ ಒಂದಾದರೂ ಕಂದಪದ್ಯವೋ ಹಾಡೋ ಇರಲೇಬೇಕು. ಕೃಷ್ಣನ ಪಾತ್ರಕ್ಕೆ ಇಬ್ಬರು ಆಶೆಪಟ್ಟರೆ ಸಂಧಾನದವರೆಗೆ ಒಬ್ಬನು, ಯುದ್ಧದಲ್ಲಿ ಮತ್ತೊಬ್ಬನು. ಕಂಠವಿಲ್ಲದವನ ಪದ್ಯವು ವಚನವಾಗುವುದು. ಕಂಠವುಳ್ಳವನಿಗೆ ಬೇರೊಂದು ನಾಟಕದ ಮಟ್ಟು ಬಂದು ಸೇರುವುದು. ಇವೆಲ್ಲವನ್ನೂ ಮೇಷ್ಟ್ರು ತಮ್ಮ ಕೈಬರೆಹದ ಪುಸ್ತಕದಲ್ಲಿ ಹೊಡೆದುಹಾಕಿ, ಅಂಚಿನಲ್ಲಿ ಬರೆದು, ಹಾಳೆ ಅಂಟಿಸಿ ಹೊಂದಿಸುವರು. ಒಂದೊಂದು ಪಾಠಾಂತರದ ಹಿಂದೆಯೂ ಒಬ್ಬೊಬ್ಬ ಮನುಷ್ಯನು ನಿಂತಿರುವನು.

ಇದನ್ನು ಗ್ರಾಮ್ಯರ ಸ್ವೇಚ್ಛಾಚಾರವೆನ್ನಬಹುದೆ? ಕಾಳಿದಾಸನ ‘ಶಾಕುಂತಲ’ಕ್ಕೆ ಗೌಡೀಯ, ಕಾಶ್ಮೀರ, ದಾಕ್ಷಿಣಾತ್ಯ ಮೊದಲಾದ ಪಾಠಪರಂಪರೆಗಳುಂಟು, ಗೌಡೀಯ ಪಾಠದಲ್ಲಿ ಮೂರನೆಯ ಅಂಕವು ವಿಸ್ತಾರವಾಗಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಈ ಭೇದಗಳಲ್ಲಿ ಪ್ರಯೋಗದ ಪಾಲೆಷ್ಟು, ಲಿಪಿಕಾರರ ಪಾಲೆಷ್ಟು ಎಂಬುದು ಇಂದಿಗೂ ವಿಚಾರಾರ್ಹ.

ಇನ್ನೂ ಸಮೀಪದ ಸಾಕ್ಷ್ಯವು ಹೆಬ್ಬಾಳದ ನೆರೆಯಲ್ಲಿರುವ ಬಡಾವಣೆಯ ಹೆಸರಿನಲ್ಲಿಯೇ ಇದೆ. ಆರ್. ಟಿ. ನಗರವೆಂಬುದು ರವೀಂದ್ರನಾಥ ಟಾಗೋರರ ನಾಮಾಂಕಿತ. ಶಾಂತಿನಿಕೇತನದ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿ ನಾಟಕಗಳನ್ನು ಆಡಿಸಿದ ಆ ಕವಿಯು ತನ್ನ ಕೃತಿಗಳನ್ನು ಮರಳಿ ಮರಳಿ ತಿದ್ದಿದನು. 1910ರ ‘ರಾಜಾ’ವು 1920ರಲ್ಲಿ ‘ಅರೂಪರತನ’ವಾಯಿತು, 1889ರ ‘ರಾಜಾ ಓ ರಾಣಿ’ಯ ವಸ್ತುವು 1929ರಲ್ಲಿ ‘ತಪತೀ’ ಎಂಬ ಹೊಸ ನಾಟಕವಾಯಿತು. ಆ ಪಾಠಗಳೆಲ್ಲವೂ ಪ್ರತ್ಯೇಕವಾಗಿ ಅಚ್ಚಾಗಿ ಉಳಿದಿವೆ. ಮೇಷ್ಟ್ರು ತಿದ್ದುವುದು ಪರರ ಕೃತಿಯನ್ನೆಂಬ ಭೇದವುಂಟು, ನಿಜ. ಆದರೆ ತಿದ್ದುಪಡಿಯ ಪ್ರೇರಣೆ ಪ್ರಯೋಗದಿಂದ ಬಂದಾಗ ಅದು ಕೃತಿಯ ಚರಿತ್ರೆಗೆ ಸೇರಿದುದೆಂಬ ನ್ಯಾಯವು ಎರಡೆಡೆಯಲ್ಲಿಯೂ ಒಂದೇ.

ಹೆಬ್ಬಾಳ, ಯಶವಂತಪುರಗಳು ಗ್ರಾಮರೂಪವನ್ನು ಕಳೆದುಕೊಂಡು ನಗರದಲ್ಲಿ ಲೀನವಾಗಿವೆ. ಹೊಲಗಳೊಡನೆ ಅಭ್ಯಾಸದ ಜಗಲಿಗಳೂ ಹೋದ ಮೇಲೆ ಮೇಷ್ಟ್ರ ಪುಸ್ತಕಗಳು ಹಳೆಯ ಕಾಗದವೆನಿಸಿಕೊಳ್ಳುವುದಕ್ಕೆ ತಡವಾಗದು. ಅಚ್ಚಿನ ಪುಸ್ತಕವು ಮತ್ತೊಂದು ಪ್ರತಿಯಲ್ಲಿ ದೊರೆಯಬಹುದು. ಅಂಚಿನ ಬರೆಹಕ್ಕೆ ಎರಡನೆಯ ಪ್ರತಿಯಿಲ್ಲ. ಆದುದರಿಂದ ಇವನ್ನು ಸಂಗ್ರಹಿಸುವವರು ಒಂದು ‘ಶುದ್ಧಪಾಠ’ವನ್ನು ತೆಗೆದು ಉಳಿದುದನ್ನು ತ್ಯಜಿಸದೆ, ಯಾವ ಊರು, ಯಾವ ವರ್ಷ, ಯಾರ ಪಾತ್ರಕ್ಕಾಗಿ ಈ ತಿದ್ದುಪಡಿ ಎಂಬುದನ್ನೂ ಜೊತೆಯಲ್ಲಿ ಬರೆದಿಡುವುದು ಉಚಿತ. ಹಾಗೆ ಮಾಡಿದಲ್ಲಿ ನಾಟಕದ ಪಾಠದೊಡನೆ ಅದನ್ನು ಆಡಿದ ಊರಿನ ಚರಿತ್ರೆಯೂ ಉಳಿಯುವುದು.