ಲಸಿಕೆ

ಚರಕ ಸಂಹಿತೆಯಲ್ಲಿ ‘ಲಸೀಕಾ’ ಎಂದರೆ ಚರ್ಮದೊಳಗಿದ್ದು ಗಾಯದಿಂದ ಒಸರುವ ತಿಳಿನೀರು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಜೆನ್ನರ್ ಸಿಡುಬು ತಡೆಯಲು ಬಳಸಿದ್ದೂ ಗೋಸಿಡುಬಿನ ಗುಳ್ಳೆಯ ಅಂಥದೇ ದ್ರವವನ್ನು. ಇಂದಿನ ಕನ್ನಡದಲ್ಲಿ ‘ಲಸಿಕೆ’ ರೋಗ ತಡೆಯುವ ಮದ್ದಿನ ಹೆಸರು.

ಆಡುಮಾತಿಗೆ ‘ಚುಚ್ಚುಮದ್ದು’, ‘ಇಂಜೆಕ್ಷನ್’ ಇನ್ನೂ ಹತ್ತಿರ. ಹಿರಿಯೂರಿರಲಿ, ಹೊಳಲ್ಕೆರೆಯಿರಲಿ, ಆಶಾ ಕಾರ್ಯಕರ್ತೆ ಕೇಳುವುದು ‘ಮಗೂಗೆ ಇಂಜೆಕ್ಷನ್ ಹಾಕಿಸಿದ್ರಾ?’ ಎಂದೇ. ತಾಯಿ ಕಾರ್ಡಿನ ಲಸಿಕೆ ಪಟ್ಟಿಗೆ ಸೇರಿದ ಹೊಸ ಹೆಸರುಗಳಲ್ಲೊಂದು ‘ಪಿಸಿವಿ’: ನ್ಯೂಮೋಕಾಕಲ್ ಲಸಿಕೆ. ಗ್ರೀಕಿನಲ್ಲಿ ‘ನ್ಯೂಮೋನ್’ ಶ್ವಾಸಕೋಶ, ‘ಕೊಕ್ಕೋಸ್’ ಕಾಳು. ಕಾಳಿನಾಕಾರದ ಈ ಬ್ಯಾಕ್ಟೀರಿಯಾ ನ್ಯುಮೋನಿಯಾವನ್ನಷ್ಟೇ ಅಲ್ಲ, ಮಿದುಳ ಪೊರೆಯ ಉರಿಯೂತವನ್ನೂ ತರುತ್ತದೆ. 2021ರಿಂದ ದೇಶದಾದ್ಯಂತ ಈ ಲಸಿಕೆ ಉಚಿತ: 6 ವಾರ, 14 ವಾರ, 9 ತಿಂಗಳಿಗೆ.

ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ, ದಮ್ಮು ಇರುವವರಿಗೂ ನ್ಯೂಮೋಕಾಕಲ್ ಲಸಿಕೆಗಳಿವೆ. ‘ಲಸಿಕೆ’ ಎಂದೊಡನೆ ಕೂಸನ್ನಷ್ಟೇ ನೆನೆಯುವ ನಮ್ಮ ರೂಢಿ ಬದಲಾಗಬೇಕು.