ಬಿಷಪ್‌ಗೆ ಬಡ್ತಿ ಸಿಕ್ಕರೆ ಲಾಮಾ

ಚೆನ್ನಾಗಿ ಕೋಡ್ ಬರೆಯೋ ಹುಡುಗನಿಗೆ ಬಡ್ತಿ ಕೊಟ್ಟು ಮ್ಯಾನೇಜರ್ ಮಾಡ್ತಾರೆ. ಆಮೇಲೆ ಅವನಿಗೆ ಕೋಡ್ ಮುಟ್ಟೋಕೂ ಪುರುಸೊತ್ತಿರಲ್ಲ. ಈ ಪಾಡು 1974ರಲ್ಲೇ ಕೆಲವು ಕಾಲ್ಪನಿಕ ಪುರೋಹಿತರಿಗೂ ಬಂದಿತ್ತು. ಆ ವರ್ಷ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟವನ್ನು ಹೊರತಂದರು. ಒಬ್ಬರು ಕಥೆ ನಡೆಸೋದು, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಬದುಕೋದು, ಗೆಲುವು ಸೋಲು ದಾಳದ ಕೈಯಲ್ಲಿ: ಆಟ ಇಷ್ಟೇ.

ಈ ಆಟದ ಪುರೋಹಿತನ ಹೆಸರು ಕ್ಲೆರಿಕ್. ಅವನು ಹುಟ್ಟಿದ್ದು ಭಕ್ತಿಯಿಂದಲ್ಲ, ತಲೆನೋವಿನಿಂದ. ಮಿನೆಸೋಟದಲ್ಲಿ ಆರ್ನೆಸನ್ ನಡೆಸುತ್ತಿದ್ದ ‘ಬ್ಲ್ಯಾಕ್‌ಮೂರ್’ ಆಟದಲ್ಲಿ ಸರ್ ಫ್ಯಾಂಗ್ ಎಂಬ ರಕ್ತಪಿಶಾಚಿ ಯಾರ ಕೈಗೂ ಸಿಗದಷ್ಟು ಬಲಿತುಬಿಟ್ಟಿದ್ದ. ಅವನನ್ನು ಮಟ್ಟ ಹಾಕಲು ಮೈಕ್ ಕಾರ್ ಎಂಬ ಆಟಗಾರನಿಗೆ ಪುರೋಹಿತನ ಪಾತ್ರ ಕೊಟ್ಟರು. ಶಿಲುಬೆ ಹಿಡಿದು ಪಿಶಾಚಿ ಓಡಿಸೋ ಸಿನಿಮಾಗಳೇ ಇದಕ್ಕೆ ಪ್ರೇರಣೆ.

1974ರ ಪುಸ್ತಕದಲ್ಲಿ ಕ್ಲೆರಿಕ್‌ಗೆ ಎಂಟು ಮೆಟ್ಟಿಲು, ಒಂದೊಂದಕ್ಕೂ ಒಂದು ಪದವಿ. ಮೂರನೆಯದು ಹಳ್ಳಿಯ ಪಾದ್ರಿ, ಆರನೆಯದು ಬಿಷಪ್, ಏಳನೆಯದು ಲಾಮಾ, ಎಂಟನೆಯದು ಪೇಟ್ರಿಯಾರ್ಕ್. ಹೌದು, ಕ್ರೈಸ್ತ ಬಿಷಪ್‌ಗೆ ಬಡ್ತಿ ಸಿಕ್ಕರೆ ಬೌದ್ಧ ಲಾಮಾ! ನಿಘಂಟಿನಲ್ಲಿ ಗಂಭೀರವಾಗಿ ಕಂಡ ಹೆಸರನ್ನೆಲ್ಲ ಸಾಲಾಗಿ ನಿಲ್ಲಿಸಿದ ಹಾಗಿದೆ.

ಆದರೆ ಹೆಸರಿನ ಹಿಂದಿದ್ದ ನಿಯಮ ತಮಾಷೆಯದ್ದಲ್ಲ. ಲಾಮಾ ಆದವನಿಗೆ ಸತ್ತವರನ್ನು ಎಬ್ಬಿಸುವ ಮಂತ್ರ ಸಿಗುತ್ತಿತ್ತು. ಅದೇ ಮಟ್ಟದಲ್ಲಿ ಇನ್ನೊಂದು ಷರತ್ತು: ಇನ್ನು ಮೇಲೆ ತಟಸ್ಥ ಅನ್ನೋ ಹಾಗಿಲ್ಲ, ಧರ್ಮವ್ಯವಸ್ಥೆಯ ಕಡೆಗೋ ಅರಾಜಕತೆಯ ಕಡೆಗೋ ನಿಲ್ಲಲೇಬೇಕು. ಪೇಟ್ರಿಯಾರ್ಕ್ ಆದವನು ಕೋಟೆ ಕಟ್ಟಬಹುದು. ಒಂದು ಲಕ್ಷ ಚಿನ್ನದ ನಾಣ್ಯ ಹಾಕಿದರೆ ‘ಮೇಲಿನವರ’ ಕೃಪೆಯಿಂದ ಎರಡು ಲಕ್ಷದ ಕೋಟೆ ಏಳುತ್ತಿತ್ತು. ನಿಷ್ಠಾವಂತ ಸೈನಿಕರು ತಾವಾಗಿಯೇ ಬರುತ್ತಿದ್ದರು, ಪ್ರತಿ ನಿವಾಸಿಯಿಂದ ವರ್ಷಕ್ಕೆ 20 ನಾಣ್ಯ ಕಾಣಿಕೆ. ಪಕ್ಷ ಬದಲಾಯಿಸಿದನೋ, ಆ ಸವಲತ್ತೆಲ್ಲ ಆ ಕ್ಷಣವೇ ವಾಪಸ್.

ಅಂದರೆ ಮೇಲೇರಿದಷ್ಟೂ ಮಂತ್ರ ಹೆಚ್ಚುತ್ತಿತ್ತು, ಬೇಕಾದ ಹಾಗೆ ಇರುವ ಸ್ವಾತಂತ್ರ್ಯ ಕಮ್ಮಿಯಾಗುತ್ತಿತ್ತು. 1978ರ ಆಟಗಾರರ ಕೈಪಿಡಿ ಇನ್ನೂ ಖಡಕ್. ಅದರಲ್ಲಿ ಕಾಡಿನ ಪುರೋಹಿತರಾದ ಡ್ರೂಯಿಡ್‌ಗಳ ಮೇಲ್ದರ್ಜೆಯಲ್ಲಿ ಒಂಬತ್ತು ಸ್ಥಾನ, ಅದರ ಮೇಲೆ ಮೂರು, ತುದಿಯಲ್ಲಿ ಒಂದೇ ಒಂದು. ಖಾಲಿ ಇಲ್ಲದಿದ್ದರೆ ಕುರ್ಚಿಯಲ್ಲಿ ಇರುವವನ ಜೊತೆ ಕಾದಾಡಿ ಗೆಲ್ಲಬೇಕು. ಅದೇ ವರ್ಷ ಬಂದ ‘ರೂನ್‌ಕ್ವೆಸ್ಟ್’ ಆಟದಲ್ಲಿ ದೊಡ್ಡ ಪುರೋಹಿತನಾದವನು ತನ್ನ ಸಮಯದ ಬಹುಪಾಲನ್ನು ಪಂಥದ ಕೆಲಸಕ್ಕೇ ಕೊಡಬೇಕು. ಗುಹೆ ಹೊಕ್ಕು ನಿಧಿ ಹುಡುಕೋದು ಉಳಿದ ಟೈಮಲ್ಲಿ.

ಆಟಗಾರರಿಗೆ ಇದೆಲ್ಲ ಕಿರಿಕಿರಿ ಅನಿಸಿದ್ದು ಸಹಜ. ಶನಿವಾರ ರಾತ್ರಿ ಡ್ರಾಗನ್ ಹೊಡೆಯೋಣ ಅಂತ ಕೂತವರಿಗೆ ಕಾಣಿಕೆ ಲೆಕ್ಕ ಯಾಕೆ? 2000ದಲ್ಲಿ ಬಂದ ಮೂರನೇ ಆವೃತ್ತಿಯ ಹೊತ್ತಿಗೆ ಮೆಟ್ಟಿಲಿಗೊಂದು ಪದವಿಯೂ ಇಲ್ಲ, ಕ್ಲೆರಿಕ್‌ನ ಪಾಲಿನ ಕೋಟೆಯೂ ಇಲ್ಲ. 2014ರ ಐದನೇ ಆವೃತ್ತಿಯಲ್ಲಿ ಹತ್ತನೇ ಮಟ್ಟದ ಕ್ಲೆರಿಕ್ ದೇವರನ್ನೇ ನೆರವಿಗೆ ಕರೆಯಬಹುದು, ಇಪ್ಪತ್ತನೆಯದರಲ್ಲಿ ಕರೆದರೆ ದೇವರು ಓಗೊಟ್ಟೇ ಕೊಡ್ತಾನೆ. ಆದರೆ ಆ ಕ್ಲೆರಿಕ್‌ಗೆ ಒಂದು ಊರು, ಒಂದಷ್ಟು ಜನ ಇರಲೇಬೇಕು ಅನ್ನೋ ನಿಯಮ ಇಲ್ಲ.

ಹಳೆಯ ನಿಯಮಗಳು ಒರಟಾಗಿದ್ದವು, ನಿಜ. ಆದರೂ ಸತ್ತವರನ್ನು ಎಬ್ಬಿಸಬಲ್ಲವನನ್ನು ಅವು ಒಂಟಿಯಾಗಿ ಅಲೆಯಲು ಬಿಡಲಿಲ್ಲ. ನೀನು ಯಾರ ಕಡೆ, ನಿನ್ನನ್ನು ನಂಬಿ ಬಂದವರು ಯಾರು ಅಂತ ಕೇಳಿದವು. ಮುಂದಿನ ಸಲ ನಿಮ್ಮ ಕ್ಲೆರಿಕ್ ಹತ್ತನೇ ಮಟ್ಟ ಮುಟ್ಟಿದಾಗ, ಕಥೆ ನಡೆಸುವವರು ಕೇಳದಿದ್ದರೂ ನೀವೇ ಕೇಳಿಕೊಳ್ಳಿ: ಇವನ ಬಾಗಿಲಿಗೆ ಯಾರು ಬರ್ತಾರೆ?